ಸೊಸೆ ತಂದ ಬಳ್ಳಿ

ನಮ್ಮತ್ತೆಯ ಬಲಗೈ ನಡುಬೆರಳಿನ ಗಿಣ್ಣು ಮಿಕ್ಕ ಗಿಣ್ಣುಗಳಿಗಿಂತ ದಪ್ಪಗಿತ್ತು. ಕಂಡದ್ದನ್ನೆಲ್ಲ ಅದರಿಂದ ತಟ್ಟಿ ನೋಡುವುದು ಅವರ ಅಭ್ಯಾಸ. ಸಂತೆಯ ತೆಂಗಿನಕಾಯಿ, ಕುಂಬಾರರ ಹೊಸ ಮಡಕೆ, ಮಾತು ಕೇಳದ ಮಗನ ತಲೆ. ಆ ಮಗನನ್ನೇ ನಾನು ಮದುವೆಯಾದದ್ದು. ಆದರೆ ಆ ಗಿಣ್ಣಿಗೆ ಹೆಚ್ಚು ಕೆಲಸ ಕೊಡುತ್ತಿದ್ದದ್ದು ನಂಜನಗೂಡಿನ ಮನೆಯ ಹಜಾರದಲ್ಲಿ ಸಾಲಾಗಿ ಕೂತಿದ್ದ ಮಣ್ಣಿನ ಕುಂಡಗಳು. ಫರ್ನು, ಆಂಥೂರಿಯಂ, ಮೊರದಗಲ ಎಲೆಯ ಇನ್ನೊಂದು. ಅದರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಒಂದೊಂದನ್ನೂ ತಟ್ಟುತ್ತ ಹೋಗುವರು. ಕೆಲವಕ್ಕೆ ನೀರು, ಕೆಲವಕ್ಕೆ "ನಿಂಗೆ ಇವತ್ತಿಲ್ಲ" ಎಂಬ ಮಾತು.

ನಾನು ಟಿ. ನರಸೀಪುರದವಳು. ತೊಂಬತ್ತರ ದಶಕದ ನಡುವೆ ಮದುವೆಯಾಗಿ, ಆಷಾಢಕ್ಕೆ ತವರಿಗೆ ಹೋಗಿ, ಶ್ರಾವಣದಲ್ಲಿ ಗಂಡನ ಮನೆಗೆ ವಾಪಸು ಬರುವಾಗ ಅಮ್ಮ ಕೊಟ್ಟ ಮನಿ ಪ್ಲಾಂಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀರೆಗೆ ಮಣ್ಣಾಗುತ್ತದೆ ಎಂಬುದೊಂದು ಚಿಂತೆ, ಬಳ್ಳಿ ಮುರಿಯುತ್ತದೆ ಎಂಬುದು ಇನ್ನೊಂದು. ಎರಡೂ ಆಗಲಿಲ್ಲವಲ್ಲ, ಮುಂದೇನು ಕಾದಿದೆಯೋ ಎಂಬುದು ಮೂರನೆಯದು.

ಬಂದಾಗ ಅತ್ತೆ ಮನೆಯಲ್ಲಿರಲಿಲ್ಲ. ಹೆಮ್ಮಿಗೆಯಲ್ಲಿ ತಮ್ಮನ ಹೆಂಡತಿ ಕೈ ಮುರಿದುಕೊಂಡಿದ್ದಳೆಂದು ನೋಡಿಕೊಳ್ಳಲು ಹೋಗಿದ್ದರು. ಹೋಗುವ ಮುಂಚೆ ತಮ್ಮ ಕುಂಡಗಳನ್ನೆಲ್ಲ ಹಿತ್ತಲ ಸೂರಿನಡಿಗೆ ಸಾಗಿಸಿ, ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದ್ದರು. ಹಜಾರದಲ್ಲಿದ್ದದ್ದು ನನ್ನದೊಂದೇ.

ಅವರು ಬರುವ ತನಕ ನಮ್ಮ ಮನೆಯ ಪೂಜೆಗೆ ನಿಂತವರು ಪಕ್ಕದ ಮನೆಯ ದೊಡ್ಡತ್ತೆ, ಅಂದರೆ ಅತ್ತೆಯ ಹಿರಿಯ ಓರಗಿತ್ತಿ. ಶ್ರಾವಣದಲ್ಲಿ ಪೂಜೆಗೇನು ಕೊರತೆ? ಕಳಶದ ನೀರು, ಅಭಿಷೇಕದ ಹಾಲುನೀರು ತುಳಿಯುವ ಜಾಗದಲ್ಲಿ ಬೀಳಬಾರದು. ಹೊರಗೆ ಮಳೆ, ಕೆಸರು. ಕೈಗೆ ಸಿಕ್ಕಿದ್ದು ನನ್ನ ಕುಂಡ. ಅವರು ಭಕ್ತಿಯಿಂದ ಸುರಿದರು. ಎಲೆ ಜೋತದ್ದು ಕಂಡು ನಾನು ಗಾಬರಿಯಿಂದ ಸುರಿದೆ. ಎಲೆ ಹಳದಿಯಾಯಿತು. ನಾನು ಇನ್ನೊಂದು ಚೊಂಬು ತಂದೆ.

ಒಂದು ಸೋಮವಾರ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಎದುರು ದೊಡ್ಡತ್ತೆ ಹೇಳಿಯೇ ಬಿಟ್ಟರು: "ತವರಿಂದ ತಂದ ಮನಿ ಪ್ಲಾಂಟು ಕಣ್ರವ್ವಾ. ಬಂದು ತಿಂಗಳಾಗಿಲ್ಲ, ಆಗ್ಲೇ ಓಗ್ತಾ ಅದೆ. ಕಾಲ್ಗುಣ ಅಂತ ನಾನೇನ್ ಅನ್ನಕಿಲ್ಲ."

ಅವರು ಅನ್ನದೆ ಬಿಟ್ಟದ್ದು ಬೀದಿಯ ಕೊನೆಗೂ, ಅಲ್ಲಿಂದ ಹೆಮ್ಮಿಗೆಗೂ ತಲುಪಿತು. ಗಂಡನ ಅಂಗಡಿಯಲ್ಲಿ ಆಗ ವ್ಯಾಪಾರವೂ ಸಪ್ಪೆ. ಈ ಬಳ್ಳಿ ಸತ್ತರೆ ಈ ಮನೆಯಲ್ಲಿ ಸಾಯುವವರೆಗೂ ನಾನು ಕಾಲ್ಗುಣ ಕೆಟ್ಟವಳೇ ಎಂದು ನನಗೆ ಖಾತ್ರಿಯಾಗಿತ್ತು.

ಮುಂದಿನ ಸೋಮವಾರ, ಹಜಾರದ ತುಂಬ ಅದೇ ಹೆಂಗಸರು ಕೂತಿದ್ದಾಗ ಅತ್ತೆ ಬಂದಿಳಿದರು. ಕೈಚೀಲ ಇಳಿಸುವ ಮೊದಲೇ ಕುಂಡವನ್ನು ತಟ್ಟಿದರು. ದೊಪ್ ಎಂದಿತು. ಹಳೇ ಪೇಪರ್ ಹಾಸಿ ಕುಂಡವನ್ನು ಬೋರಲು ಹಾಕಿದರು. ಹುಳಿತ ಹಾಲಿನ ನಾತಕ್ಕೆ ಹೆಂಗಸರು ಸೆರಗನ್ನು ಮೂಗಿಗೊತ್ತಿಕೊಂಡರು.

"ಬನ್ನಿ ಅಕ್ಕ, ಮೂಸಿ," ಎಂದರು ದೊಡ್ಡತ್ತೆಗೆ. "ಕಾಲ್ಗುಣ ಇಂಗೆ ನಾರ್ತದಾ?"

"ದೇವ್ರ ನೀರು ಕಣವ್ವಾ. ತುಳಿಯೋ ಕಡೆ ಚೆಲ್ಲಕಾಯ್ತದಾ?"

"ಅದಕ್ಕೇ ಇತ್ಲಲ್ಲಿ ತೆಂಗಿನ ಮರ ಅದೆ. ಎಷ್ಟ್ ಉಯ್ದ್ರೂ ಕುಡೀತದೆ. ಇದು ಅಸುಗೂಸು, ನಮ್ ಸೊಸೆ ತಂದಿರೋದು. ಇವತ್ತಿಂದ ನಂದೂ ಅವಳ್ದೂ ಬಿಟ್ಟು ಇನ್ನೊಬ್ರ ಕೈ ಇದ್ರ ಬುಡಕ್ಕೆ ಬರಕೂಡ್ದು."

ದೊಡ್ಡತ್ತೆ ಮೂಸಲಿಲ್ಲ. ಅತ್ತೆ ಕೊಳೆತ ಬೇರನ್ನೆಲ್ಲ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಬಳ್ಳಿ ನೆಟ್ಟರು. ಆಮೇಲೆ ಶುರುವಾಯಿತು ನನ್ನ ನಿಜವಾದ ಕಷ್ಟ: ನೀರು ಹಾಕದೆ ಇರುವುದು.

"ಅತ್ತೆ, ಇವತ್ತು?"

"ಇವತ್ತಿಲ್ಲ."

"ಬಾಡಿದೆಯಲ್ಲ ಅತ್ತೆ."

"ಬಾಯಾರಿದ್ರೂ ಬಾಡ್ತದೆ, ಮುಳುಗ್ತಿದ್ರೂ ಬಾಡ್ತದೆ. ಎಲೆ ನೋಡ್ಬ್ಯಾಡ, ಮಣ್ಣ ಕೇಳು. ಭಯ ಆದಾಗ್ಲೆಲ್ಲ ನೀರ್ ಆಕ್ತೀಯ ನೀನು. ಭಯ ಆದ್ರೆ ನೀನೇ ಒಂದ್ ಲೋಟ ಕುಡಿ."

ಕುಡಿದೆ. ಆ ವಾರ ವಿಪರೀತ ಕುಡಿದೆ.

ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ಕುಂಡಕ್ಕೆ ತಟ್ಟಿಸಿದರು. ಟಣ್ ಎಂದಿತು, ಖಾಲಿ ಕೊಡದಂತೆ.

"ಕೇಳುಸ್ತಾ? ಈಗ ಆಕು. ತಳದ ತೂತಲ್ಲಿ ಇಳಿಯೋಗಂಟ ಆಕು. ಕದ್ದು ಕದ್ದು ಗುಟುಕು ಕೊಡ್ಬ್ಯಾಡ."

ದೀಪಾವಳಿಯ ಹೊತ್ತಿಗೆ ಚಿಗುರಿತು. ಮುಂದಿನ ವರ್ಷಗಳಲ್ಲಿ ಹಜಾರದ ಕಿಟಕಿ ಸುತ್ತಿ, ಗೋಡೆಯ ಫೋಟೋಗಳನ್ನು ಹಾದು, ಬಾಗಿಲ ಮೇಲಕ್ಕೇರಿತು. ಕೇಳಿದವರಿಗೆಲ್ಲ ಅತ್ತೆ ತುಂಡು ಕತ್ತರಿಸಿ ಕೊಟ್ಟರು. ತಾಂಡವಪುರದ ನೆಂಟರಿಗೂ ಹೋಯಿತು, ದೊಡ್ಡತ್ತೆಯ ಮನೆಗೂ ಹೋಯಿತು. ಕೊಡುವಾಗ ಪ್ರತಿ ಸಲವೂ "ನಮ್ ಸೊಸೆ ತಂದಿದ್ದು" ಎನ್ನದೆ ಕೈ ಬಿಡುತ್ತಿರಲಿಲ್ಲ. ಮಿಕ್ಕ ಕುಂಡಗಳನ್ನೂ ಒಂದೊಂದಾಗಿ ನನ್ನ ಕೈಗೆ ದಾಟಿಸಿದರು. ಕೆಲವನ್ನು ನಾನು ಕೊಂದೆ. ಅವರು ಆ ಕುಂಡವನ್ನು ತೊಳೆದು ಮತ್ತೊಂದು ಸಸಿ ನೆಟ್ಟು ಕೊಡುವರು.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಅವರು ಆಸ್ಪತ್ರೆ ಸೇರಿದರು. ಅಲ್ಲಿನ ನರ್ಸ್ ನಮ್ಮ ಬೀದಿಯ ಹುಡುಗಿಯೇ. ಡ್ರಿಪ್ ಸರಿಮಾಡುತ್ತ ಕೇಳಿದಳು, "ಅಜ್ಜಿ, ನಿಮ್ಮನೆ ಒಳಗೆಲ್ಲ ಗಿಡ ಅಲ್ವಾ? ಎಲ್ಲ ನೀವೇ ಬೆಳೆಸಿದ್ದಾ?"

ಅತ್ತೆ ನನ್ನ ಕಡೆ ಕಣ್ಣು ಹೊರಳಿಸಿದರು.

"ನಂಗೇನ್ ಗೊತ್ತಿತ್ತವ್ವಾ, ಯಾವಾಗ ನೀರ್ ಆಕ್ಬೇಕು ಅಂತ. ಎಲ್ಲ ಇವ್ಳು ಬಂದ್ಮ್ಯಾಲೆ. ಇವ್ಳ ಕಾಲ್ಗುಣ."

ಶುದ್ಧ ಸುಳ್ಳು. ನಾನು ಬಾಯಿ ತೆರೆದೆ. ಸುಮ್ಮನಿರು ಎಂಬಂತೆ ಅವರು ನನ್ನ ಮಣಿಕಟ್ಟು ಒತ್ತಿದರು. ಅದೇ ವಾರ ಹೋದರು.

ನರ್ಸ್ ಹುಡುಗಿ ಆ ಮಾತನ್ನು ಬೀದಿಗೆಲ್ಲ ಹೇಳಿದ್ದಾಳೆ. ಈಗ ಗಿಡ ಕೊಳ್ಳುವವರು ಮೊದಲು ನನ್ನನ್ನು ಕೇಳಲು ಬರುತ್ತಾರೆ. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬರುವವಳು ನಾನು. ಅಂಥವಳೂ ಆ ಸುಳ್ಳೊಂದನ್ನು ಮಾತ್ರ ಯಾರ ಹತ್ತಿರವೂ ತಿದ್ದಲು ಹೋಗಿಲ್ಲ.