ಬಾಟಲಿಯ ತಳದ ಕೆಂಪು ಚುಕ್ಕೆ

ಯಾರ ಜೊತೆ ಮಾತಾಡುವಾಗಲೂ ಬಾಪ್ಪುವಿನ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ದೊಡ್ಡದಾಗಿ ತೆರೆದು ಎದುರಿನವರ ಮುಖದ ಮೇಲೆ ನಿಲ್ಲುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿಗೆ ಒಂದೇ ಕಣ್ಣಿಟ್ಟು ರಕ್ತ ನೋಡಿದ ಅಭ್ಯಾಸ ಅದು. ಹೊಸಬರಿಗೆ ತಮ್ಮನ್ನು ಕಂಡು ಕಣ್ಣು ಹೊಡೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಹೆಂಡತಿ ಅದಕ್ಕಾಗಿ ಎಷ್ಟೋ ಜನರಲ್ಲಿ ಕ್ಷಮೆ ಕೇಳಿದ್ದುಂಟು.

ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಬಾಪ್ಪು ಎಂದೇ ಕರೆಯುತ್ತಿದ್ದರು. ಕೊಂಕಣಿಯಲ್ಲಿ ಹಾಗೆಂದರೆ ಚಿಕ್ಕಪ್ಪ. ನಾನು ಕುಂದಾಪುರದ ಕಡೆಯವನು, ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಹೆಂಡತಿ ಊರಿನಲ್ಲಿದ್ದಳು. ನನಗೂ ಅವರು ಬಾಪ್ಪುವೇ ಆದರು. ಅವರದು ಮೂರನೆಯ ಮಹಡಿ, ನನ್ನದು ಎರಡನೆಯದು.

ಅವರಿಗೆ ಒಂದು ಗುಟ್ಟಿನ ಕಸುಬಿತ್ತು. ಮದ್ಯ ನಿಷೇಧವಿರುವ ಆ ದೇಶದಲ್ಲಿ ಬಚ್ಚಲುಮನೆಯಲ್ಲಿ ಬಿಯರ್ ಮಾಡುತ್ತಿದ್ದರು. ಅಂಗಡಿಯಲ್ಲಿ ಸಿಗುವ ಅಮಲಿಲ್ಲದ ಬಿಯರಿಗೆ ಸಕ್ಕರೆ, ಈಸ್ಟ್ ಹಾಕಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹುಳಿಬರಿಸಿ, ಮತ್ತೆ ಅದೇ ಬಿಯರಿನ ಖಾಲಿ ಬಾಟಲಿಗಳಿಗೆ ತುಂಬುತ್ತಿದ್ದರು. ಯಾರಿಗೂ ಮಾರಲಿಲ್ಲ. ಭಾನುವಾರ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಮುಂಚೆ ಒಂದು ಲೋಟ, ಹಬ್ಬಕ್ಕೆ ಬೇಕಾದವರಿಗೆ ಒಂದೊಂದು ಬಾಟಲಿ, ಅಷ್ಟೆ.

ಬಿಯರಿಗಿಂತ ಅವರಿಗೆ ಬಾಟಲಿಗಳ ಮೇಲೆ ಪ್ರೀತಿ ಹೆಚ್ಚು. ಬಾಟಲಿಯೊಳಗೆ ಸಕ್ಕರೆ ಮತ್ತೊಮ್ಮೆ ಹುಳಿಬಂದು ಗಾಳಿ ಕಟ್ಟುತ್ತದೆ, ತೆಳು ಗಾಜು ಅದನ್ನು ತಡೆಯುವುದಿಲ್ಲ. ಹಾಗಾಗಿ ದಪ್ಪ ಗಾಜಿನ ಕಂದು ಬಾಟಲಿಗಳನ್ನು ಮಾತ್ರ ವರ್ಷಗಟ್ಟಲೆ ಹುಡುಕಿ ಕೂಡಿಸಿದ್ದರು. ಒಟ್ಟು ನಲವತ್ತು ಇದ್ದವು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡುವರು, ಬಾಯಿಯ ಸುತ್ತ ಉಗುರು ಆಡಿಸುವರು, ಚಮಚದಿಂದ ತಟ್ಟಿ ಕಿವಿಗೊಡುವರು. ಬಾಯಿ ಸ್ವಲ್ಪ ಒಡೆದಿದ್ದರೂ "ಇದಕ್ಕೆ ಹಲ್ಲು ಬಂದಿದೆ, ನಾಳೆ ನಿನ್ನ ತುಟಿ ಕಚ್ಚುತ್ತದೆ" ಎಂದು ಬದಿಗಿಡುವರು. ಪಾಸಾದ ಬಾಟಲಿಯ ತಳಕ್ಕೆ ಹೆಂಡತಿಯ ಕೆಂಪು ಉಗುರುಬಣ್ಣದಿಂದ ಒಂದು ಚುಕ್ಕೆ. ಮತ್ತೊಮ್ಮೆ ಬಳಸಿದರೆ ಇನ್ನೊಂದು ಚುಕ್ಕೆ. ಐದು ಚುಕ್ಕೆಯಾದ ಬಾಟಲಿಗೆ ನಿವೃತ್ತಿ, ಮುಂದೆ ಅದರಲ್ಲಿ ಫಿನಾಯಿಲ್. ಸಕ್ಕರೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬಾಟಲಿಗೆ ಅರ್ಧ ಚಮಚ, ಚಮಚದ ಮೇಲೆ ಚಾಕುವಿನ ಬೆನ್ನೆಳೆದು ಮಟ್ಟ ಮಾಡಿ. ಆಸ್ಪತ್ರೆಯಲ್ಲಿ ಅವರು ಎಣಿಸಿದ ರಕ್ತಕಣವನ್ನು ಯಾವ ಡಾಕ್ಟರೂ ಮತ್ತೆ ಎಣಿಸಲು ಹೇಳುತ್ತಿರಲಿಲ್ಲವಂತೆ. ಆ ಕೈಯ ಬಗ್ಗೆ ಅವರಿಗೆ ಅಭಿಮಾನವಿತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ತೊಳೆಯುವುದು, ಕುದಿಸುವುದು, ತುಂಬಿ ಬಿರಡೆ ಒತ್ತುವುದು ನನ್ನ ಪಾಲಿನ ಕೆಲಸ. "ಸ್ಟೋರ್ ಕೀಪರ್ ಅಂತೆ. ಎಣಿಸ್ಲಿಕ್ಕೆ ಬರ್ತದೆ, ತೊಳೀಲಿಕ್ಕೆ ಬರೂದಿಲ್ಲ" ಎಂದು ರೇಗಿಸುತ್ತಿದ್ದರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಸೆಪ್ಟೆಂಬರಿನಲ್ಲಿ ಅವರ ಹೆಂಡತಿ, ಮಗಳು ಉಳಿದವರೊಂದಿಗೆ ಬಸ್ಸು ಹತ್ತಿ ಅಮ್ಮಾನಿನ ದಾರಿಯಾಗಿ ಊರಿಗೆ ಹೋದರು. ನನ್ನ ಪಾಸ್‌ಪೋರ್ಟು ನನಗೆ ವೀಸಾ ಕೊಟ್ಟ ಕಫೀಲನ ಕಪಾಟಿನಲ್ಲಿತ್ತು, ಕಫೀಲ ಗಡಿ ದಾಟಿ ಹೋಗಿದ್ದ. ಹಾಗಾಗಿ ನಾನು ಉಳಿದೆ. ಬಾಪ್ಪುವಿನ ಪಾಸ್‌ಪೋರ್ಟು ಅವರ ಕೈಯಲ್ಲೇ ಇತ್ತು. ಲ್ಯಾಬಿನಲ್ಲಿ ಐವರಲ್ಲಿ ಇಬ್ಬರೇ ಉಳಿದಿದ್ದಾರೆ, ತಾನೂ ಹೋದರೆ ರಕ್ತ ನೋಡುವವರಾರು ಎಂದು ಅವರು ಹೋಗಲಿಲ್ಲ. ಎರಡೆರಡು ಪಾಳಿ ದುಡಿದು ಮನೆಗೆ ನಡೆದುಕೊಂಡು ಬರುತ್ತಿದ್ದರು. ತಮ್ಮ ಮನೆಯ ಬೀಗದ ಕೈ ನನಗೆ ಕೊಟ್ಟಿದ್ದರು.

ಈಗ ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಅಕ್ಟೋಬರಿನಲ್ಲಿ ನನಗೆ ಸಿಗರೇಟು ಸಿಗದೆ ಹುಚ್ಚು ಹಿಡಿದಂತಾಗಿತ್ತು. ಪಕ್ಕದ ಕಟ್ಟಡದಲ್ಲಿ ಒಬ್ಬ ಡ್ರೈವರ್ ಇದ್ದ. ಅವನೂ ಬಿಯರ್ ಮಾಡುತ್ತಿದ್ದ, ಬಾಪ್ಪುವಿನ ಬಾಟಲಿಗಳ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. "ಭಾಯಿ, ಆರು ಬಾಟಲಿ ಕೊಡು, ಎರಡು ಕಾರ್ಟನ್ ಸಿಗರೇಟು ತಗೋ" ಅಂದ. ನಾನು ಕೊಟ್ಟೆ. ಬದಲಿಗೆ ಕಸದ ತೊಟ್ಟಿಯಿಂದ ಅದೇ ಬಣ್ಣ, ಅದೇ ಎತ್ತರದ ಆರು ತೆಳು ಬಾಟಲಿ ಆರಿಸಿ ತಂದು ತೊಳೆದೆ. ಒಮ್ಮೆ ತುಂಬಿ ಎಸೆಯಲೆಂದೇ ಮಾಡಿದ ಬಾಟಲಿಗಳವು, ಕೈಯಲ್ಲಿ ಹಿಡಿದರೆ ಹಗುರ. ಅವುಗಳ ತಳಕ್ಕೆ ಎರಡೆರಡು ಕೆಂಪು ಚುಕ್ಕೆ ಇಟ್ಟೆ. ಉಗುರುಬಣ್ಣದ ಸೀಸೆ ಎಲ್ಲಿದೆ ಎಂದು ನನಗೆ ಗೊತ್ತಿತ್ತಲ್ಲ. ಬಾಪ್ಪು ಹೇಗೂ ತಟ್ಟಿ ನೋಡುತ್ತಾರೆ, ಆಗ ಏನಾದರೊಂದು ಹೇಳಿದರಾಯಿತು ಅಂದುಕೊಂಡೆ.

ಡಿಸೆಂಬರ್ ಮೊದಲ ವಾರ ಅವರು ಕ್ರಿಸ್ಮಸ್ಸಿಗೆಂದು ಬಾಟಲಿ ತುಂಬಲು ಹೇಳಿದರು. ಕಟ್ಟಡದಲ್ಲಿ ಉಳಿದಿದ್ದ ಏಳೆಂಟು ಜನರಿಗೆ ಒಂದೊಂದಾದರೂ ಕೊಡಬೇಕು ಎಂಬ ಆಸೆ. ಆಸ್ಪತ್ರೆಯಿಂದ ಬಂದವರು ಕುರ್ಚಿ ಹಿಡಿದೇ ನಿಂತಿದ್ದರು. ಬಚ್ಚಲಿನಲ್ಲಿ ತಲೆಕೆಳಗಾಗಿ ಇಟ್ಟ ಬಾಟಲಿಗಳ ಸಾಲನ್ನು ನೋಡಿ ಚುಕ್ಕೆಗಳನ್ನಷ್ಟೇ ಎಣಿಸಿದರು. ತಟ್ಟಿ ನೋಡಲು ಚಮಚ ತರಲೇ ಎಂದು ಕೇಳಿದೆ.

"ಬೇಡ ಮಾರಾಯಾ, ಕಾಲು ನಿಲ್ಲೂದಿಲ್ಲ. ನೀನು ನೋಡಿದ್ದೀಯಲ್ಲ, ಸಾಕು" ಅಂದರು.

ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರು ಕುರ್ಚಿಯಲ್ಲಿ ಕೂತು ನಲವತ್ತು ಬಾಟಲಿಗೂ ಸಕ್ಕರೆ ಹಾಕಿದರು, ಒಂದೊಂದು ಸಲವೂ ಚಾಕುವಿನ ಬೆನ್ನೆಳೆದು. ನಾನು ತುಂಬಿ ಬಿರಡೆ ಒತ್ತಿದೆ. ಕಂಬಳಿ ಸುತ್ತಿ ಮಂಚದಡಿ ಇಟ್ಟೆವು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ, ಹೇಗಾಗಿದೆ ನೋಡೋಣ ಎಂದು ಅವರು ಒಂದು ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅದು ಕೈಯಲ್ಲೇ ಸಿಡಿಯಿತು. ನಾನು ಓಡಿ ಬರುವಾಗ ಅವರು ಬಲಗಣ್ಣಿಗೆ ಟವೆಲ್ಲು ಒತ್ತಿ ನೆಲದ ಮೇಲೆ ಕೂತಿದ್ದರು. ಅವರು ಆಡಿದ ಮೊದಲ ಮಾತು, "ಹತ್ತಿರ ಬರ್ಬೇಡ. ಮೊದಲು ಬಾಕಿ ಬಾಟ್ಲಿಗೆ ಒದ್ದೆ ಕಂಬಳಿ ಹಾಕು."

ಅವರದೇ ಆಸ್ಪತ್ರೆಯಲ್ಲಿ ಗಾಜು ತೆಗೆದರು. ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಮರುದಿನವೇ ಹೇಳಿದರು. ನಾನು ಚಹಾದ ಫ್ಲಾಸ್ಕ್ ಹಿಡಿದು ಮಂಚದ ಪಕ್ಕ ನಿಂತಿದ್ದೆ. ಬಾಪ್ಪು ನನ್ನ ಕೈ ಹಿಡಿದುಕೊಂಡರು.

"ಅದಕ್ಕೆ ನಾನೇ ಎರಡು ಸಲ ಸಕ್ಕರೆ ಹಾಕಿರ್ಬೇಕು ಮಾರಾಯಾ. ನಿದ್ರೆ ಇರ್ಲಿಲ್ಲ ನೋಡು. ಅದು ನಿನ್ನ ಕೈಯಲ್ಲಿ ಒಡೆದಿದ್ರೆ ನಾನು ನಿನ್ನ ಹೆಂಡತಿಗೆ ಎಂತ ಹೇಳ್ಬೇಕಿತ್ತು?"

ನಾನು ಕೈ ಬಿಡಿಸಿಕೊಂಡು ಚಹಾ ಬಗ್ಗಿಸಿದೆ. ಎಲ್ಲ ಬಾಟಲಿಗಳನ್ನೂ ಜೋಪಾನವಾಗಿ ಹೊರಗೆ ಒಯ್ದು ಒಡೆದುಬಿಡು, ನನ್ನ ಅಳತೆಯನ್ನು ಇನ್ನು ನಂಬುವ ಹಾಗಿಲ್ಲ ಎಂದರು. ಅಂದು ಸಂಜೆಯೇ ಹಿಂಬದಿಯ ಬಯಲಿನಲ್ಲಿ ಮೂವತ್ತೊಂಬತ್ತು ಬಾಟಲಿಗಳ ಮೇಲೂ ಕಂಬಳಿ ಹೊದೆಸಿ ದೂರದಿಂದ ಕಲ್ಲು ಎಸೆದೆ. ನನ್ನ ಐದು ತೆಳು ಬಾಟಲಿಗಳನ್ನು ಮೊದಲು ಒಡೆದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಗುರಾದೆ ಕೂಡ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಗುರಾದದ್ದು ನಿಜ.

ಫೆಬ್ರವರಿಯಲ್ಲಿ ಯುದ್ಧ ಮುಗಿಯಿತು. ಎಣ್ಣೆಬಾವಿಗಳ ಹೊಗೆಯಿಂದ ಹಗಲಿನಲ್ಲೇ ದೀಪ ಹಚ್ಚಬೇಕಿತ್ತು. ಆಸ್ಪತ್ರೆಯವರು ಬಾಪ್ಪುವನ್ನು ಮತ್ತೆ ಕರೆದರು. ಮೈಕ್ರೋಸ್ಕೋಪಿಗೆ ಒಂದು ಕಣ್ಣು ಸಾಕು, ಎಡಗಣ್ಣು ಚೆನ್ನಾಗಿದೆಯಲ್ಲ ಎಂದು ದೊಡ್ಡ ಡಾಕ್ಟರೇ ಮನೆಗೆ ಬಂದು ಹೇಳಿದರು. ಬಾಪ್ಪು ಒಪ್ಪಲಿಲ್ಲ. ಡಾಕ್ಟರು ಹೋದ ಮೇಲೆ ನನಗೆ ಕಾರಣ ಹೇಳಿದರು.

"ಕಣ್ಣು ಹೋದದ್ದು ದೊಡ್ಡದಲ್ಲ. ಈ ಕೈ ಒಮ್ಮೆ ತಪ್ಪಿತು, ತಪ್ಪಿದ್ದು ನನಗೆ ಗೊತ್ತೇ ಆಗ್ಲಿಲ್ಲ. ನಾಳೆ ಯಾರದ್ದೋ ಮಗುವಿನ ರಕ್ತ ನೋಡಿ ಎಂತ ಬರೀಲಿಕ್ಕುಂಟೋ."

ಒಂದು ಮಾತು ಹೇಳಿದ್ದರೆ ಅವರು ಮರುದಿನವೇ ಕೆಲಸಕ್ಕೆ ಹೋಗುತ್ತಿದ್ದರು. ನಾನು ಹೇಳಲಿಲ್ಲ. ಜೂನಿನಲ್ಲಿ ಅವರು ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಕೈ ಬೀಸಿ ಬಂದೆ.

ಆಮೇಲೆ ಒಂಬತ್ತು ವರ್ಷ ಅಲ್ಲೇ ದುಡಿದು ಊರಿಗೆ ಮರಳಿದೆ. ಮೊದಲ ತಿಂಗಳಲ್ಲೇ ಮಂಗಳೂರಿಗೆ ಹೋಗಿ ಅವರ ಮಗಳ ಫ್ಲಾಟಿನ ಗಂಟೆ ಒತ್ತಿದೆ. ಬಾಪ್ಪು ತೆಳ್ಳಗಾಗಿದ್ದರು, ಮಾತು ಹಾಗೇ ಇತ್ತು. ಅವರು ಒಳಗೆ ಹೋದಾಗ ಅವರ ಹೆಂಡತಿ ಮೆಲ್ಲಗೆ ಹೇಳಿದರು: ಕೆಮ್ಮಿನ ಔಷಧಿಯನ್ನೂ ಅವರು ತಾವಾಗಿ ಅಳೆದುಕೊಳ್ಳುವುದಿಲ್ಲ, ತಾನೇ ಹಾಕಿಕೊಡಬೇಕು, ಹಾಕಿದ ಮೇಲೆ ಇನ್ನೊಮ್ಮೆ ನೋಡು ಎನ್ನುತ್ತಾರೆ.

ಅವರು ಹೊರಗೆ ಬಂದು ಕೂತ ಕೂಡಲೇ ಎಲ್ಲವನ್ನೂ ಹೇಳಿದೆ. ಸಿಗರೇಟು, ಡ್ರೈವರು, ಕಸದ ತೊಟ್ಟಿ, ಉಗುರುಬಣ್ಣ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಹಾಗಾದ್ರೆ ನನ್ನ ಅಳತೆ ಸರಿ ಇತ್ತಾ?"

"ಸರಿ ಇತ್ತು ಬಾಪ್ಪು."

"ನಲವತ್ತಕ್ಕೂ?"

"ನಲವತ್ತಕ್ಕೂ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ."

ಅವರು ಅಡುಗೆಮನೆಯ ಕಡೆ ತಿರುಗಿ ಕೊಂಕಣಿಯಲ್ಲಿ ಹೆಂಡತಿಯನ್ನು ಕರೆದು ಅದನ್ನೇ ಹೇಳಿದರು, ಪರೀಕ್ಷೆ ಪಾಸಾದವರ ಹಾಗೆ. ಆಕೆ ಬಾಗಿಲಿಗೆ ಬಂದು ನನ್ನನ್ನೇ ನೋಡುತ್ತ ನಿಂತರು. ಮಾಡಿಟ್ಟಿದ್ದ ಚಹಾವನ್ನು ತರಲಿಲ್ಲ. ನಾನು ಎದ್ದಾಗ ಬಾಪ್ಪು ಲಿಫ್ಟಿನವರೆಗೆ ಬಂದರು. "ತುಂಬ ಲೇಟು ಮಾಡಿದಿ ಮಾರಾಯಾ" ಎಂದರು, ಅಷ್ಟೆ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷ ಕಳೆದು ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ಹೋದಾಗ ಚರ್ಚಿನ ಅಂಗಳದಲ್ಲಿ ಇಬ್ಬರು ಹುಡುಗಿಯರು ಅಳುತ್ತ ನಿಂತಿದ್ದರು. ಫ್ಲಾಟಿನ ಎದುರಿನ ಸಣ್ಣ ಲ್ಯಾಬಿನವರಂತೆ. ಆ ಎರಡು ವರ್ಷ ಬಾಪ್ಪು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ರಕ್ತ ನೋಡುತ್ತಿದ್ದರು, ತಮಗೂ ನೋಡಲು ಕಲಿಸಿದರು ಎಂದು ಹೇಳಿದರು. ನಾನು ಯಾರೆಂದು ಕೇಳಿದರು. ಕುವೈತಿನಲ್ಲಿ ಕೆಳಗಿನ ಮನೆಯವನು ಎಂದೆ.