ಸುಳ್ಳು ಫೋನು ಮಾಡಿದವಳು

ಸಾನಿಕಾ, ಪೃಥ್ವಿ, ನಿನ್ನೆ ನೀವು ತಂದ ದ್ರಾಕ್ಷಿಯ ಪೆಟ್ಟಿಗೆ ತೆರೆದಾಗ ಹುಳಿತ ವಾಸನೆ ಮೂಗಿಗೆ ಬಡಿಯಿತು. ಕಾಗವಾಡದಲ್ಲಿ ನಮ್ಮ ಪಕ್ಕದ ಮನೆಯ ಸೊಸೆ ನೆನಪಾದಳು...

ಅವಳ ಮಾವನದು ದ್ರಾಕ್ಷಿಯ ಕೋಲ್ಡ್ ಸ್ಟೋರೇಜು. ಊರಿನ ರೈತರೆಲ್ಲ ಅಲ್ಲಿಯೇ ಮಾಲು ಇಡುತ್ತಿದ್ದರು, ನಾವೂ ಇಟ್ಟಿದ್ದೆವು. ಒಳಗಿನ ತಂಪು ತಪ್ಪಿದರೆ ಮಾವನಿಗೆ ಫೋನ್ ಹೋಗುವಂತೆ ಯಾರೋ ಪ್ರೋಗ್ರಾಮು ಬರೆದುಕೊಟ್ಟಿದ್ದರು. ಕಂಪ್ಯೂಟರ್ ಕಲಿತು ಬಂದಿದ್ದ ಆಕೆ ಅದನ್ನು ತಿದ್ದುತ್ತಿದ್ದಳು. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದಳು.

"ಏನ್ ಮಾಡಾಕತ್ತಿ ಬೇ?" ಎಂದೆ.

"ಸುಳ್ಳು ಥರ್ಮಾಮೀಟರ್ರಿ ಕಾಕು. ಖರೇ ಖೋಲಿ ಬಿಸಿ ಮಾಡಿ ನೋಡಿದ್ರ ಮಾಲ್ ಕೆಡ್ತೈತಿ. ಇದು ನಾ ಹೇಳಿದಷ್ಟ ಡಿಗ್ರಿ ತೋರಸ್ತೈತಿ. ಮಾಕ್ ಅಂತಾರ್ರಿ ಇದಕ್ಕ."

"ಸುಳ್ಳ ಹೇಳಾಕ ಮಷಿನ್ ಯಾಕ? ನಿಮ್ಮ ಮಾವ ಅದಾರಲ್ಲ!"

ಬಾಯಿ ಮುಚ್ಚಿಕೊಂಡು ನಕ್ಕಳು.

ಆದರೆ ಪರೀಕ್ಷಿಸಿದಾಗಲೆಲ್ಲ ಮಾವನ ಫೋನು ಬಾರಿಸುತ್ತಿತ್ತು. ಆತ ಊಟ ಬಿಟ್ಟೆದ್ದು ಬೈಯುತ್ತಿದ್ದ. ಅದಕ್ಕೇ ಆಕೆ, ಕರೆ ಬಂತೆಂದು ಗುರುತು ಹಾಕಿಕೊಂಡು ಸದ್ದು ಮಾಡದಿರುವ ಸುಳ್ಳು ಫೋನೊಂದನ್ನೂ ಲ್ಯಾಪ್‌ಟಾಪಿನೊಳಗೇ ಮಾಡಹೊರಟಳು. ಗಂಟು ಕಂಡದ್ದು ಆಗ. ಮಾವನ ನಂಬರನ್ನು ಪ್ರೋಗ್ರಾಮಿನೊಳಗೇ ಹೊಲಿದುಬಿಟ್ಟಿದ್ದರು. ಅದರ ಜಾಗದಲ್ಲಿ ಬೇರೇನೂ ಕೂಡುತ್ತಿರಲಿಲ್ಲ. ಆಕೆ ಹೊಲಿಗೆ ಬಿಚ್ಚಿ, ಯಾರಿಗೆ ಫೋನ್ ಹೋಗಬೇಕೆಂಬುದನ್ನು ಹೊರಗಿನಿಂದ ಕೊಡುವಂತೆ ಮಾಡಿದಳು. ಈಗ ಸುಳ್ಳು ಫೋನೂ ಕೂಡಿತು. ಬೇಕೆಂದರೆ ನಾಲ್ಕು ನಿಜವಾದ ಫೋನುಗಳೂ ಕೂಡುತ್ತಿದ್ದವು.

"ವಾಚಮನ್‌ಗೂ, ರಿಪೇರಿಯವರಿಗೂ ಹೋಗ್ಲಿ ಮಾವಾರ," ಎಂದಳು.

"ನಮ್ಮ ಸುದ್ದಿ ಊರಿಗೆಲ್ಲಾ ಸಾರ್ತಿಯೇನ? ಹಳೇದಽ ಇರ್ಲಿ."

ಹಳೆಯದೇ ಉಳಿಯಿತು. ಆ ಬೇಸಿಗೆಯಲ್ಲಿ ಮಾವ ಮಿರಜಿಗೆ ಮದುವೆಗೆಂದು ಹೋಗಿ ಫೋನು ಬಂದ್ ಮಾಡಿಟ್ಟ. ಇಲ್ಲಿ ತಂಪು ಮಾಡುವ ಮಷಿನ್ ನಿಂತಿತು. ಆತ ಬಂದು ಬಾಗಿಲು ತೆಗೆಸುವ ಹೊತ್ತಿಗೆ ಎಲ್ಲರ ದ್ರಾಕ್ಷಿಯೂ ಹುಳಿತು ರಸ ಸೋರುತ್ತಿತ್ತು.

ರೈತರು ಕೂಡಿದಾಗ ಮಾವ ಸೊಸೆಯ ಕಡೆ ಕೈ ತೋರಿಸಿದ. "ಸುಳ್ಳು ಥರ್ಮಾಮೀಟರ್ ಮಾಡಿ ಆಟಾ ಆಡ್ಯಾಳ. ಕೇಳ್ರಿ ಆಕಿನ್ನ!"

"ಅದು ನನ್ನ ಲ್ಯಾಪ್‌ಟಾಪಿನಾಗಷ್ಟ ಇತ್ರಿ..." ಎಂದಳು. ಸುಳ್ಳು ಎಂಬ ಮಾತನ್ನಷ್ಟೇ ಜನ ಕೇಳಿಸಿಕೊಂಡರು. ನಿಮ್ಮ ಅಜ್ಜನೂ ಅಲ್ಲಿದ್ದರು. "ಹೆಂಗಸರ ಕೈಯಾಗ ಕೊಟ್ರ ಹಿಂಗಽ," ಎಂದರು.

ಅವಳನ್ನು ತೆಲಸಂಗದ ತವರಿಗೆ ಬಿಟ್ಟುಬಂದರು; ಕರೆಯಲು ಯಾರೂ ಹೋಗಲಿಲ್ಲ. ಮರುವರ್ಷ ಸ್ಟೋರೇಜಿಗೆ ಅವಳು ತಿದ್ದಿದ ಪ್ರೋಗ್ರಾಮನ್ನೇ ಹಾಕಿದರು. ಮಾವ ಅದು ತನ್ನ ವಿಚಾರವೆಂದು ಹೇಳಿಕೊಂಡ. ಯಾರಿಗೂ ನಾಚಿಕೆಯಾಗಲಿಲ್ಲ.

ಆಕೆ ಈಗ ಎಲ್ಲಿದ್ದಾಳೋ... ಕೇಳಲು ನಿಮ್ಮ ಅಜ್ಜನೂ ಇಲ್ಲ, ಆ ಮಾವನೂ ಇಲ್ಲ. ಊರಿನವರ ಬಾಯಲ್ಲಿ ಮಾತ್ರ ಆಕೆ ಇವತ್ತಿಗೂ ಮಾಲು ಕೆಡಿಸಿದ ಸೊಸೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಆಕೆ ಕೆಡಿಸಲಿಲ್ಲವೆಂದು ಬೇರೆಲ್ಲೂ ಬರೆದಿಲ್ಲ.