ತೋಳಿನೊಳಗಿನ ಅದಿರು

ನಮ್ಮ ಮನೆಯವರ ಬಲತೋಳಿನಲ್ಲಿ, ಮೊಣಕೈಗಿಂತ ತುಸು ಮೇಲೆ, ಒಂದು ಗಂಟು ಎದ್ದಿತು. ಹುಣಸೆ ಬೀಜದಷ್ಟು. ಮುಟ್ಟಿದರೆ ಕಲ್ಲು. ಚರ್ಮದಡಿಯಲ್ಲಿ ನೀಲಿಯಾಗಿ ಕಾಣುತ್ತಿತ್ತು. ನೋವಿಲ್ಲ, ಕೀವಿಲ್ಲ. ನನಗೆ ಭಯವಾಯಿತು. ಅವರಿಗೆ ಹೆಮ್ಮೆಯಾಯಿತು.

ಪ್ರಾಯದಲ್ಲಿ ಅವರು ಸಂಡೂರಿನ ಗುಡ್ಡದಲ್ಲಿ ಸುತ್ತಿಗೆ ಹಿಡಿದು ಕಬ್ಬಿಣದ ಅದಿರು ಒಡೆದವರು. ಯಂತ್ರಗಳು ಬರುವ ಮೊದಲಿನ ಮಾತು. ನಾನು ಪಕ್ಕದಲ್ಲೇ ಬುಟ್ಟಿ ತುಂಬುತ್ತಿದ್ದೆ. ಒಮ್ಮೆ ಒಂದು ಚೂರು ಸಿಡಿದು ಅದೇ ತೋಳಿಗೆ ಬಡಿದಿತ್ತು. ಅರಿಸಿನ ಮೆತ್ತಿ, ಸೀರೆಯ ಅಂಚು ಹರಿದು ಕಟ್ಟಿದ್ದೆ. ಗಾಯ ಮಾಯಿತು, ಮರೆತೆವು. ಈಗ ಗಂಟು ಎದ್ದದ್ದೇ ತಡ, "ಅವತ್ತಿನ ಚೂರು ಒಳಗ ಕುಂತಿತ್ತು ನೋಡು, ಈಗ ಮ್ಯಾಲ ಬಂದೈತಿ" ಎಂದರು. ಚಹಾದಂಗಡಿಗೆ ಹೋಗಿ ಅಂಗಿಯ ತೋಳು ಮಡಚಿದರು.

"ಮಂದಿ ಗುಡ್ಡ ಮಾರಿ ಕಾರ್ ತಗಂಡ್ರು. ನನ್ನ ಪಾಲಿಗೆ ಇಷ್ಟು ಉಳೀತು ನೋಡ್ರಪಾ."

ಜನ ಒತ್ತಿ ನೋಡಿ ಹೌದೆಂದರು. ನಮ್ಮಲ್ಲಿ ಆ ಕೆಂಪು ಧೂಳು ಒಣಹಾಕಿದ ಬಟ್ಟೆಯಲ್ಲಿದೆ, ಉಣ್ಣುವ ತಟ್ಟೆಯಲ್ಲಿದೆ. ತೋಳಿನಲ್ಲೂ ಇದೆ ಎಂದರೆ ಯಾರು ಇಲ್ಲ ಎನ್ನುತ್ತಾರೆ?

ನಾನೂ ನಂಬುತ್ತಿದ್ದೆನೇನೋ. ಆದರೆ ಕಂಪ್ಲಿಯಲ್ಲಿದ್ದ ನನ್ನಕ್ಕ ಎದೆಯ ಗಂಟನ್ನು ಸೆರಗಿನಡಿ ಮುಚ್ಚಿಟ್ಟುಕೊಂಡೇ ಸತ್ತಳು. ಅವಳೂ ನೋವಿಲ್ಲ ಅಂತಲೇ ಹೇಳುತ್ತಿದ್ದಳು.

"ಹೊಸಪೇಟಿ ದವಾಖಾನಿಗೆ ನಡೀರಿ" ಎಂದೆ.

"ಕಲ್ಲು ತೋರ್ಸಾಕ ಡಾಕ್ಟ್ರು ಯಾಕ ಬೇಕಲೇ?"

"ಕ್ಯಾನ್ಸರ್ ಆಗಿದ್ರ?"

"ನಿಮ್ಮಕ್ಕನ್ನ ತಂದು ನನ್ನ ತೋಳಿನಾಗ ಕುಂದ್ರಸಬ್ಯಾಡ."

ಆಮೇಲೆ ನಾನು ವಾದ ಮಾಡಲಿಲ್ಲ. ಕಪಾಟಿನ ಮೇಲೆ ಅವರ ಕೆಟ್ಟ ರೇಡಿಯೊ ಇತ್ತು; ರಿಪೇರಿ ಮಾಡಿಸುತ್ತೇನೆ ಎನ್ನುತ್ತ ಇಟ್ಟುಕೊಂಡಿದ್ದರು. ಅದನ್ನು ಬಿಚ್ಚಿ, ಸ್ಪೀಕರಿನ ಹಿಂದಿನ ಅಯಸ್ಕಾಂತವನ್ನು ಕಿತ್ತು ತಂದೆ.

"ಅಯ್ಯೋ, ರೇಡಿಯೋ ಕೊಂದ್ಯಲ್ಲೇ!"

"ಅದು ಯಾವತ್ತೋ ಸತ್ತೈತಿ. ತೋಳು ಚಾಚ್ರಿ. ಕಬ್ಬಿಣದ ಕಲ್ಲಾದ್ರ ಹಿಡಿಬೇಕಲ್ಲ?"

ಆಗಲೇ ಗೆದ್ದವರ ಹಾಗೆ ಚಾಚಿದರು. ಗಂಟಿನ ಬದಿಗೆ ಅಯಸ್ಕಾಂತವನ್ನು ಒತ್ತಿ ಕೈಬಿಟ್ಟೆ. ಕೆಳಗೆ ಬಿತ್ತು. ಇನ್ನೊಮ್ಮೆ ಇಟ್ಟೆ. ಬಿತ್ತು.

"ಮ್ಯಾಗ್ನೆಟ್ ಹಳೇದು" ಎಂದರು.

ಅಂಗಳದ ಮಣ್ಣಿನಲ್ಲಿ ಅದನ್ನು ಒಮ್ಮೆ ಎಳೆದು ಎತ್ತಿ ತೋರಿಸಿದೆ. ಕಪ್ಪು ಪುಡಿ ಗಡ್ಡದಂತೆ ನಿಮಿರಿ ನಿಂತಿತ್ತು. ಅವರು ಅದನ್ನು ನೋಡಿದರು, ತೋಳನ್ನು ನೋಡಿದರು. ಮುಖದ ಬಣ್ಣ ಇಳಿಯಿತು.

"ಅಂಗಿ ಕೊಡು" ಎಂದರು.

ಹೊಸಪೇಟೆಯ ಡಾಕ್ಟರಮ್ಮ ಗಂಟನ್ನು ಕೊಯ್ದು ತೆಗೆದು, ಹೊಲಿಗೆ ಹಾಕಿ, ಅದನ್ನು ಬಾಟಲಿಯಲ್ಲಿಟ್ಟು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ನಮ್ಮ ಮನೆಯವರು ಚಹಾದಂಗಡಿಯ ಕಡೆ ಹೋಗಲಿಲ್ಲ. ಒಂದು ದಿನ ಉಣ್ಣುತ್ತ ಕುಳಿತವರು, "ನಾ ಹೋದ್ರ ನೀ ಮಗಳ ಮನಿಗೆ ಹೋಗಿಬಿಡು" ಎಂದರು.

"ಸುಮ್ನ ಉಣ್ಣ್ರಿ. ಹೋಗೋರು ಎಲ್ಲೆರ ಮತ್ತ ಮತ್ತ ಚಟ್ನಿ ಕೇಳ್ತಾರೇನು?"

ಹಾಗೆ ಅಂದೆ. ನನ್ನ ತಟ್ಟೆಯ ಅನ್ನ ಮಾತ್ರ ಹಾಗೇ ಉಳಿಯಿತು.

ರಿಪೋರ್ಟ್ ಬಂತು. "ಅಜ್ಜಾ, ಕೆಟ್ಟದ್ದೇನೂ ಇಲ್ಲ" ಎಂದರು ಡಾಕ್ಟರಮ್ಮ. "ಕೂದಲ ಬುಡದಲ್ಲಿ ಹುಟ್ಟೋ ಗಂಟು. ಒಳಗೆ ಸುಣ್ಣ ಕಟ್ಟಿ ಗಟ್ಟಿಯಾಗಿದೆ. ಹೆಚ್ಚಾಗಿ ಮಕ್ಕಳಿಗೆ ಬರುತ್ತೆ, ಅದೂ ಮುಖ, ತಲೆ, ಕುತ್ತಿಗೆಯಲ್ಲಿ. ನಿಮ್ಮ ವಯಸ್ಸಿನಲ್ಲಿ, ಇಂಥ ಜಾಗದಲ್ಲಿ ಅಪರೂಪ."

ನಾನು ಇವರ ಬೋಳು ತಲೆ ನೋಡಿದೆ. "ಬರೋದು ಬಂತು, ತಲಿ ಮ್ಯಾಗರ ಬರಬಾರದಿತ್ತೇನ್ರಿ? ಅಲ್ಲಿ ಜಾಗ ಭಾಳ ಖಾಲಿ ಐತಿ."

ಡಾಕ್ಟರಮ್ಮ ನಕ್ಕರು. ಇವರು ನಗಲಿಲ್ಲ. ಊರಿಗೆ ಮರಳುವಾಗ, ಬಸ್ಸು ತಿರುವು ಹತ್ತಿ ಗುಡ್ಡ ಕಂಡಾಗ ಮೆಲ್ಲಗೆ ಕೇಳಿದರು, "ಹಂಗಾದ್ರ ಅವತ್ತಿನ ಚೂರು ಎಲ್ಲಿಗೆ ಹೋತು?"

"ಅವತ್ತ ಬಿದ್ದಿರ್ತೈತಿ. ನಾನ ಬುಟ್ಟಿಗೆ ತುಂಬಿರ್ತೀನಿ."

ಆ ವಾರ ಸಂತೆಯಿಂದ ಬರುವಾಗ ನೋಡುತ್ತೇನೆ, ಅವರು ಮತ್ತೆ ಚಹಾದಂಗಡಿಯಲ್ಲಿ ಅಂಗಿಯ ತೋಳು ಮಡಚಿ ಹೊಲಿಗೆ ತೋರಿಸುತ್ತಿದ್ದಾರೆ. ನನ್ನನ್ನು ಕಂಡು ಮಾತು ನಿಂತಿತು. ಅಂಗಡಿಯವನು ಕೇಳಿದ, "ಹೌದೇನಬೇ, ಖರೇನ ಮೈನ್ಸ್ ಕಲ್ಲು ತೆಗದ್ರೇನು?"

ಇವರು ನನ್ನ ಮುಖ ನೋಡಿದರು.

"ತೆಗದ್ರಪಾ" ಎಂದೆ. "ಇಷ್ಟು ದಪ್ಪ ಇತ್ತು."

ಬೆರಳಲ್ಲಿ ನಿಂಬೆಹಣ್ಣಿನಷ್ಟು ತೋರಿಸಿ, ಚೀಲ ಹೊತ್ತು ಮನೆಗೆ ನಡೆದೆ. ಮನುಷ್ಯ ಉಳಿದಿದ್ದಾನೆ, ಹೇಳಿಕೊಳ್ಳಲಿ ಬಿಡಿ.